ಕಿವಿಯುಳ್ಳ ಯಂತ್ರ



ಮಾತನಾಡುವ ಯಂತ್ರ ನಮಗೆ ಹೊಸದಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರವನ್ನಾರಂಭಿಸಿ, ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದಂದಿನಿಂದ ಪೆಟ್ಟಿಗೆಯೊಳಗಿನ ದನಿಗೆ ನಾವು ಒಗ್ಗಿಕೊಂಡಿದ್ದೇವೆ. ಅದು ಹೇಳುತ್ತಿತ್ತು, ನಾವು ಕೇಳುತ್ತಿದ್ದೆವು. ಈಗ ಬಂದಿರುವ ಯಂತ್ರ ನಮ್ಮ ಮಾತನ್ನು ಕೇಳಿ ಉತ್ತರ ಕೊಡುತ್ತದೆ. ರೋಗಿಯ ಮಾತಿಗೂ ಅದು ಕಿವಿಗೊಟ್ಟರೆ ಏನಾದೀತೆಂಬುದೇ ಈ ಹೊತ್ತಿನ ವಿಷಯ. ನಾನು ವೈದ್ಯನಲ್ಲ, ಅರಕಲಗೂಡಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೂ ಈ ಮಾತು ಆಡುವ ಅರ್ಹತೆಯನ್ನು ನನ್ನ ಅಕ್ಕ ನನಗೆ ದೊರಕಿಸಿಕೊಟ್ಟಿದ್ದಾಳೆ.

2025ರ ಮೇ, ಜೂನ್ ತಿಂಗಳುಗಳು ನಮ್ಮ ಹಾಸನ ಜಿಲ್ಲೆಗೆ ಅಂಜಿಕೆಯ ದಿನಗಳಾಗಿದ್ದವು. ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಹಬ್ಬಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನಸುಕಿನಲ್ಲೇ ಜನ ಸಾಲುಗಟ್ಟಿದರು. ಸಾವುಗಳಲ್ಲಿ ಅಸಹಜ ಏರಿಕೆಯಿಲ್ಲವೆಂದು ತಜ್ಞರ ಸಮಿತಿ ಅನಂತರ ವರದಿ ಕೊಟ್ಟಿತಾದರೂ, ಎದೆಗೆ ಕೈಯಿಟ್ಟು ನೋಡಿಕೊಳ್ಳದ ಮನುಷ್ಯ ಆಗ ಜಿಲ್ಲೆಯಲ್ಲಿ ಇರಲಿಲ್ಲ.

ಕೊಣನೂರಿನ ಬಳಿಯ ಹಳ್ಳಿಯಲ್ಲಿ ಮಗ ಸೊಸೆಯೊಡನಿರುವ ಅಕ್ಕನಿಗೆ ಓದು ಬರಹ ಬಾರದು. ಮೊಮ್ಮಗ ತನ್ನ ಮೊಬೈಲನ್ನು ಅವಳ ಮುಂದೆ ಹಿಡಿದು, “ಏನು ಬೇಕಾದರೂ ಕೇಳಜ್ಜಿ, ಕನ್ನಡದಲ್ಲೇ ಹೇಳ್ತದೆ” ಎಂದು ಕಲಿಸಿದ್ದ. ಆ ದಿನಗಳಲ್ಲೊಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳು ಅದಕ್ಕೆ, “ಎದೇಲಿ ಮುಸುಕು ಹಾಕ್ದಂಗಾಯ್ತದೆ ಕಣವ್ವ” ಎಂದಳಂತೆ. ಯಂತ್ರ ವಿನಯದಿಂದಲೇ ಮುಸುಕಿನ ಜೋಳದ ಪೇಟೆ ಧಾರಣೆಯನ್ನು ಹೇಳಿತು!

ಈಗ ನಾವು ನಗಬಹುದು, ಅಂದು ನಗುವಂತಿರಲಿಲ್ಲ. ಬೆವರಿ ಕುಳಿತಿದ್ದ ಅತ್ತೆಯನ್ನು ಕಂಡ ಸೊಸೆ 108ಕ್ಕೆ ಕರೆಮಾಡಿದಳು. 2008ರಿಂದ ನಮ್ಮ ರಾಜ್ಯದಲ್ಲಿ ಓಡುತ್ತಿರುವ ಆ ಆಂಬುಲೆನ್ಸ್ ಅವಳನ್ನು ಹಾಸನ ಮುಟ್ಟಿಸಿತು. ಅಕ್ಕ ಉಳಿದಳು.

ಯಂತ್ರವೇಕೆ ಎಡವಿತು? ಅದು ಮೂರು ಮೆಟ್ಟಿಲಲ್ಲಿ ಕೆಲಸ ಮಾಡುತ್ತದೆ. ಸದ್ದನ್ನು ಅಕ್ಷರವಾಗಿಸುವುದು, ಅಕ್ಷರದಿಂದ ಅಭಿಪ್ರಾಯ ಊಹಿಸುವುದು, ಉತ್ತರವನ್ನು ಮತ್ತೆ ಸದ್ದಾಗಿಸುವುದು. ಊಹೆಯೆಲ್ಲ ಹಿಂದೆ ಕೇಳಿದ ಮಾತಿನ ಬಲದ ಮೇಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳ ಆಡುಮಾತನ್ನು, ಒಳನುಡಿಗಳ ಸಮೇತ, ಕೃಷಿ ಮತ್ತು ಹಣಕಾಸಿನ ವಿಷಯದಲ್ಲಿ ಸಂಗ್ರಹಿಸಿದೆ. ನೋವಿನ ಮಾತಿಗೂ ಅಂಥ ಸಂಗ್ರಹ ಬೇಕು. ಸೆಳೆತ, ನುಲಿತ, ಜೋಮು, ಸಂಕಟ, ಚಳುಕು, ಕಳವಳ ಇವು ಒಂದೇ ನೋವಿನ ಪರ್ಯಾಯ ಪದಗಳಲ್ಲ. ಒಂದೊಂದೂ ಬೇರೆಯ ಬೇನೆ. ಅ.ನ.ಕೃ. ಅವರ ಹೆಸರಿನ ಮೊದಲಕ್ಷರ ನಮ್ಮೂರಿನದು. ಕನ್ನಡಕ್ಕಾಗಿ ಅವರು ಹೋರಾಡಿದ ಕಾಲದಲ್ಲಿ ಯಂತ್ರಕ್ಕೂ ಕನ್ನಡ ಕಲಿಸಬೇಕಾದೀತೆಂದು ಯಾರು ತಾನೆ ನೆನೆದಿದ್ದರು!

ಇನ್ನೊಂದು ಸೂಕ್ಷ್ಮವಿದೆ. ಕನ್ನಡದಲ್ಲಿ ಹೌದು ಅಲ್ಲಗಳೆರಡೂ ವಾಕ್ಯದ ಬಾಲದಲ್ಲಿರುತ್ತವೆ. “ಮಾತ್ರೆ ತಗಂಡಿವ್ನಿ”, “ಮಾತ್ರೆ ತಗಂಡಿಲ್ಲ”. ದಣಿದ ರೋಗಿ ನುಂಗಿಬಿಡುವುದೂ ಆ ಕೊನೆಯ ಅಕ್ಷರಗಳನ್ನೇ. ಆದುದರಿಂದ ಕೇಳಿಸಿಕೊಂಡದ್ದನ್ನು ಮತ್ತೆ ಹೇಳಿ, “ತೆಗೆದುಕೊಂಡಿಲ್ಲ ಎಂದಿರಾ?” ಎಂದು ವಿಚಾರಿಸುವ ಸೌಜನ್ಯ ಯಂತ್ರಕ್ಕೆ ಮೊದಲು ಬರಬೇಕು.

ಇಷ್ಟರಿಂದ ಇದು ಬೇಡವೆಂಬ ತೀರ್ಮಾನಕ್ಕೆ ನಾನು ಬಂದಿಲ್ಲ. ಮಾತ್ರೆಯ ಪೊಟ್ಟಣ ಓದಲಾರದವರಿಗೆ, ಕಣ್ಣು ಮಂಜಾದವರಿಗೆ ಹೊತ್ತು ಹೊತ್ತಿಗೆ ನೆನಪಿಸುವ ದನಿ ದೊಡ್ಡ ಆಸರೆ. ಮನೆ ಮನೆ ಸುತ್ತಿ ಬಂದು ರಾತ್ರಿ ವಹಿ ತುಂಬುವ ಆಶಾ ಕಾರ್ಯಕರ್ತೆ, ಕಂಡದ್ದನ್ನು ಬಾಯಲ್ಲೇ ಹೇಳಿ ದಾಖಲಿಸಬಹುದು. ಬೆರಳಚ್ಚಿನ ಹಲಗೆಯನ್ನೇ ನೋಡುತ್ತಿರುವ ವೈದ್ಯರು ಬರಹವನ್ನು ಯಂತ್ರಕ್ಕೊಪ್ಪಿಸಿ ರೋಗಿಯ ಮುಖ ನೋಡಬಹುದು. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಕಾಗದ ಸುತ್ತಿ ಎದೆಬಡಿತ ಆಲಿಸಿದಾಗ ವೈದ್ಯರಿಗೆ ಹೊಸ ಕಿವಿ ಬಂದಿತು. ಕೆಮ್ಮಿನ ಸದ್ದಿನಲ್ಲೇ ಕ್ಷಯದ ಸುಳಿವು ಹಿಡಿಯುವ ಈಗಿನ ಪ್ರಯತ್ನಗಳೂ ಅದೇ ದಾರಿಯವು.

ಅಕ್ಕನ ಕಥೆಗೆ ಬರುತ್ತೇನೆ. ಆಸ್ಪತ್ರೆಯಿಂದ ಮರಳಿದ ಮೇಲೆ ಮೊಮ್ಮಗ ಅದೇ ಮೊಬೈಲಿನಲ್ಲಿ ಮಾತ್ರೆಯ ಹೊತ್ತನ್ನು ಗೊತ್ತುಮಾಡಿದ. ಒಂದು ದಿನ ಅದರಲ್ಲಿ ಉಳಿದಿದ್ದ ಮಾತುಕತೆಯ ಬರಹವನ್ನು ನಾನು ಓದಿದೆ. ಅವಳು ಹೇಳಿದ್ದಳು: ದಿನ ಬಿಟ್ಟು ದಿನವಷ್ಟೇ ನುಂಗುತ್ತೇನೆ, ತಿಂಗಳ ಮಾತ್ರೆ ಎರಡು ತಿಂಗಳಾದರೆ ಮಗುವಿನ ಫೀಜಿಗಾದೀತು. ವೈದ್ಯರು ಕೇಳಿದಾಗಲೆಲ್ಲ “ತಪ್ಪದೆ ತಗಂಡಿವ್ನಿ” ಎಂದವಳು ಇವಳೇ.

ನಾನು ವೈದ್ಯರಿಗೆ ತಿಳಿಸಿದೆ. ಅವರು ಗದರಲಿಲ್ಲ, ಕಡಿಮೆ ಬೆಲೆಯ ಮಾತ್ರೆ ಬರೆದುಕೊಟ್ಟರು. ಆದರೆ ಅಕ್ಕ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಮೂರನೆಯ ದಿನ, “ಅದಕ್ಕೆ ಹೇಳಿದ್ದು ಕಣೋ, ನಿನಗಲ್ಲ” ಎಂದಳು.

1966ರಲ್ಲಿ ಅಮೆರಿಕದ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಎಂಬ ಗಣಕ ಸಂವಾದಿಯನ್ನು ರಚಿಸಿದರು. ಬರೆದದ್ದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವಷ್ಟೇ ಅದರ ಬುದ್ಧಿ. ಆದರೂ ಅದರೊಡನೆ ಸಂಭಾಷಿಸುತ್ತಿದ್ದ ಅವರ ಕಾರ್ಯದರ್ಶಿ, ಅವರನ್ನೇ ಕೊಠಡಿಯಿಂದ ಹೊರಗೆ ಹೋಗುವಂತೆ ಕೋರಿದಳಂತೆ. ಕೊಣನೂರಿನ ನನ್ನ ಅಕ್ಕ ಕೋರಿದ್ದೂ ಅದನ್ನೇ, ನಾನು ಹೋಗಲಿಲ್ಲ. ನಾನು ಓದಿದ್ದರಿಂದ ಅವಳಿಗೆ ಒಳ್ಳೆಯದಾಯಿತು. ಅಪರಿಚಿತರು ಓದಿದ್ದರೆ? ವ್ಯಕ್ತಿಯ ಮಾಹಿತಿಯ ರಕ್ಷಣೆಗೆ 2023ರಲ್ಲಿ ನಮ್ಮ ಸಂಸತ್ತು ಕಾನೂನು ಮಾಡಿದೆ. ಆದರೆ ತನ್ನ ಮಾತು ಎಲ್ಲಿ ಹೋಗಿ ಸೇರುತ್ತದೆಂಬುದನ್ನು ಅಕ್ಕನಿಗೆ ಅವಳ ಕನ್ನಡದಲ್ಲಿ ಹೇಳುವವರು ಬೇಕು.

ಅವಳು ಯಂತ್ರದೊಡನೆ ಸತ್ಯ ನುಡಿದದ್ದೇಕೆಂದು ನಾನು ಬಹಳ ಯೋಚಿಸಿದ್ದೇನೆ. ಅದು ಅವಸರಪಡಲಿಲ್ಲ, ಹಂಗಿಸಲಿಲ್ಲ, ಮರುಕ ತೋರಲಿಲ್ಲ. ಇವುಗಳಲ್ಲಿ ಒಂದನ್ನೂ ನಾವು ಕಲಿಯಲಾರೆವೆಂದಲ್ಲ. ಈಗ ಭಾನುವಾರಗಳಲ್ಲಿ ನಾನು ಕೊಣನೂರಿನ ಬಸ್ಸು ಹಿಡಿಯುತ್ತೇನೆ. ಜಗಲಿಯ ಮೇಲೆ ಅವಳ ಪಕ್ಕ ಕೂತು, ಏನನ್ನೂ ವಿಚಾರಿಸದೆ ಕಾಯುತ್ತೇನೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಹೇಳತೊಡಗುತ್ತಾಳೆ.