ಇದ್ದ ನೀರೋ, ಬಂದ ನೀರೋ

ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಏರಿದರೆ ಎರಡು ಕಾರಣ ಇರಬಹುದು: ಜಲಾಶಯಕ್ಕೆ ಹೊಸ ನೀರು ಬಂದಿರಬಹುದು, ಇಲ್ಲವೇ ಇದ್ದ ನೀರನ್ನೇ ಗೇಟು ಎತ್ತಿ ಬಿಟ್ಟಿರಬಹುದು. ನೀರಮಾನ್ವಿ ಕಡೆಯವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಹಾರ್ಮೋನಿನ ಮಾತು ಬಂದಾಗ ಮಾತ್ರ ನಾವು ಅದನ್ನು ಮರೆಯುತ್ತೇವೆ. ರಕ್ತದಲ್ಲಿ ಒಂದು ಪ್ರೋಟೀನು ಹೆಚ್ಚಿದರೆ, ಜೀವಕೋಶ ಅದನ್ನು ಹೊಸದಾಗಿ ತಯಾರಿಸಿತೋ, ಕೂಡಿಟ್ಟದ್ದನ್ನು ಹೊರಬಿಟ್ಟಿತೋ? ಇಡೀ ಪ್ರಾಣಿಯಲ್ಲಿ ಇದನ್ನು ಬಿಡಿಸಿ ನೋಡುವುದು ಕಷ್ಟ. ಒಂದು ಹಾರ್ಮೋನು ಚುಚ್ಚಿದರೆ ಬೇರೆ ಗ್ರಂಥಿಗಳೂ ಮಿಸುಕಾಡುತ್ತವೆ. ಅದಕ್ಕೇ ಇಲಿಯ ಜೀವಕೋಶಗಳನ್ನು ತಟ್ಟೆಯಲ್ಲಿ, ಪೋಷಕ ದ್ರವದಲ್ಲಿ ಬೆಳೆಸುತ್ತಾರೆ.

ಅಮೆರಿಕದ ಆರ್ಮೆನ್ ತಾಶ್ಜಿಯನ್ ಮತ್ತು ಸಂಗಡಿಗರು ಇಲಿಯ ಪಿಟ್ಯುಟರಿ ಗ್ರಂಥಿಯ ಗಡ್ಡೆಯಿಂದ ಬೆಳೆಸಿದ ಜೀವಕೋಶಗಳ ವಿವರವನ್ನು 1968ರಲ್ಲಿ ಪ್ರಕಟಿಸಿದರು. ಅವು ಬೆಳವಣಿಗೆಯ ಹಾರ್ಮೋನನ್ನೂ ಪ್ರೊಲ್ಯಾಕ್ಟಿನನ್ನೂ ಸ್ರವಿಸುತ್ತವೆ, ಎರಡೂ ಪ್ರೋಟೀನುಗಳೇ. ಮೆದುಳಿನಿಂದ ಬರುವ ಟಿಆರ್‌ಎಚ್ ಎಂಬ ಹಾರ್ಮೋನನ್ನು ಹಾಕಿದರೆ ಕೆಲವೇ ನಿಮಿಷಗಳಲ್ಲಿ ಪ್ರೊಲ್ಯಾಕ್ಟಿನ್ ದ್ರವಕ್ಕೆ ಇಳಿಯುತ್ತದೆ. ಇದು ಕೂಡಿಟ್ಟ ಸರಕು. ಹೊಸದರ ತಯಾರಿಕೆ ಏರುವುದು ಗಂಟೆಗಳು ಕಳೆದ ಮೇಲೆ. ಒಂದೇ ಹಾರ್ಮೋನು, ಎರಡು ಕೆಲಸ, ಎರಡು ವೇಗ. ಇದಕ್ಕಿಂತ ಸೋಜಿಗದ್ದು ಹೈಡ್ರೋಕಾರ್ಟಿಸೋನಿನದು: ಅದು ಇದೇ ಜೀವಕೋಶಗಳಲ್ಲಿ ಬೆಳವಣಿಗೆಯ ಹಾರ್ಮೋನನ್ನು ಹೆಚ್ಚಿಸಿ, ಪ್ರೊಲ್ಯಾಕ್ಟಿನನ್ನು ತಗ್ಗಿಸುತ್ತದೆ. ಹಾಗಾಗಿ ಹಾರ್ಮೋನೆಂದರೆ ಎಲ್ಲವನ್ನೂ ಹುರಿದುಂಬಿಸುವ ಟಾನಿಕ್ ಎಂಬ ತಿಳಿವಳಿಕೆ ನಿಲ್ಲುವುದಿಲ್ಲ. ಅದೊಂದು ಸಂದೇಶ, ಯಾವ ಜೀನಿಗೆ ಏನು ಅರ್ಥವೆಂಬುದು ಜೀವಕೋಶಕ್ಕೆ ಸೇರಿದ್ದು.

ಗಡ್ಡೆಯ ಜೀವಕೋಶ ಹೇಳುವ ಸಾಕ್ಷಿಯನ್ನು ನಂಬುವುದು ಹೇಗೆ ಎಂದು ಯಾರಾದರೂ ತಕರಾರು ತೆಗೆದರೆ, ತಕರಾರು ನ್ಯಾಯವಾದದ್ದೇ. ಅದಕ್ಕೆ ಉತ್ತರ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಇದೆ. ಕೋಳಿಮೊಟ್ಟೆಯೊಳಕ್ಕೆ ರೈಬೋಫ್ಲಾವಿನ್ ಜೀವಸತ್ವವನ್ನು ಹೊತ್ತು ತರುವ ಪ್ರೋಟೀನೊಂದಿದೆ. ಈಸ್ಟ್ರೋಜನ್ ಸಿಕ್ಕರೆ ಕೋಳಿಯ ಯಕೃತ್ತು ಅದನ್ನು ತಯಾರಿಸುತ್ತದೆ. ಅಲ್ಲಿನ ಪಿ. ಆರ್. ಅಡಿಗರು ಬಹುಕಾಲ ಅದರ ಬೆನ್ನು ಹತ್ತಿದರು. ಅವರ ಪ್ರಯೋಗಶಾಲೆಯಲ್ಲಿ ಎಳೆಯ ಇಲಿಗಳ ವೃಷಣದಿಂದ ತೆಗೆದ ಸರ್ಟೋಲಿ ಜೀವಕೋಶಗಳೂ, ಎಫ್‌ಎಸ್‌ಎಚ್ ಹಾರ್ಮೋನು ತಗುಲಿದಾಗ, ಇದೇ ಬಗೆಯ ಪ್ರೋಟೀನನ್ನು ಹೆಚ್ಚಾಗಿ ಸ್ರವಿಸಿದವು. ಇವು ಗಡ್ಡೆಯವಲ್ಲ, ಸಹಜ ಜೀವಕೋಶಗಳು. ಇಲಿ ಮನುಷ್ಯನಲ್ಲ ಎಂಬುದೂ ನಿಜ; ಪ್ರಮಾಣದ ಲೆಕ್ಕವನ್ನು ತಟ್ಟೆಯಿಂದ ನೇರವಾಗಿ ರೋಗಿಗೆ ಹಾಕಲಾಗದು. ಆದರೆ ಒಂದೇ ಹಾರ್ಮೋನು ಒಂದನ್ನು ಏರಿಸಿ ಇನ್ನೊಂದನ್ನು ಇಳಿಸುತ್ತದೆಂಬ ಮಾತು ನಮ್ಮ ಮೈಗೂ ಸಲ್ಲುತ್ತದೆ: ಯಕೃತ್ತಿನಲ್ಲಿ ಹಲವು ಕಿಣ್ವಗಳನ್ನು ಹೆಚ್ಚಿಸುವ ಕಾರ್ಟಿಸಾಲೇ (ಹೈಡ್ರೋಕಾರ್ಟಿಸೋನೆಂದರೂ ಇದೇ), ಅತಿಯಾದರೆ, ತೋಳು ತೊಡೆಗಳ ಸ್ನಾಯುವನ್ನು ಕರಗಿಸುತ್ತದೆ.