ಬೆಳಕಿಗೆ ಹಿಡಿದು ನೋಡುವ ಚಿತ್ರ

ಮಕ್ಕಳೇ, ಫೋನಿನಲ್ಲಿ ತೆಗೆದ ಫೋಟೋ ಆ ಕ್ಷಣವೇ ಕಾಣುತ್ತದೆ. ಮೊದಲು ಕ್ಯಾಮೆರಾಕ್ಕೆ ಫಿಲಂ ರೋಲ್ ಹಾಕಬೇಕಿತ್ತು, ಆಮೇಲೆ ಅದನ್ನು ತೊಳೆಸಬೇಕಿತ್ತು. ಅದರಲ್ಲೇ ಒಂದು ಬಗೆ ಸ್ಲೈಡ್ ಫಿಲಂ. ಇದಕ್ಕೆ ಪ್ರಿಂಟ್ ಹಾಕಿಸುವ ಗೊಡವೆಯಿಲ್ಲ. ಕ್ಯಾಮೆರಾದೊಳಗೆ ಬೆಳಕು ಕಂಡ ಫಿಲಂ ತುಂಡೇ ಚಿತ್ರ. ಪುಟ್ಟ ಚೌಕಟ್ಟಿಗೆ ಸೇರಿಸಿ ಪ್ರೊಜೆಕ್ಟರಿನಲ್ಲಿಟ್ಟರೆ ಗೋಡೆ ತುಂಬ ಬಣ್ಣ!

ಅಮೆರಿಕದ ರಾಚೆಸ್ಟರ್ ಊರಿನ ಕೊಡಾಕ್ ಕಂಪನಿಯ ಎಕ್ಟಾಕ್ರೋಮ್ ಅಂಥ ಫಿಲಂ. ಡಿಜಿಟಲ್ ಕ್ಯಾಮೆರಾಗಳು ಬಂದು ಕೊಳ್ಳುವವರು ಕಡಿಮೆಯಾದಾಗ, 2012ರಲ್ಲಿ ಅದರ ತಯಾರಿಕೆ ನಿಂತಿತು. ಆದರೂ ಫಿಲಂ ಮೇಲಿನ ಪ್ರೀತಿ ಹೋಗಲಿಲ್ಲ. 2018ರಲ್ಲಿ ಎಕ್ಟಾಕ್ರೋಮ್ ಮತ್ತೆ ಮಾರಾಟಕ್ಕೆ ಬಂತು.

ಅದರೊಳಗೆ ಬಣ್ಣ ಮೂಡುವುದು ಹೇಗೆ? ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಜಿಲೆಟಿನ್ ಪದರಗಳಿರುತ್ತವೆ, ಅವುಗಳಲ್ಲಿ ಬೆಳ್ಳಿಯ ಲವಣದ ಸಣ್ಣ ಸಣ್ಣ ಹರಳುಗಳು. ಮೇಲಿನ ಪದರ ನೀಲಿ ಬೆಳಕನ್ನು ಹಿಡಿಯುತ್ತದೆ, ನಡುವಿನದು ಹಸಿರನ್ನು, ಕೆಳಗಿನದು ಕೆಂಪನ್ನು.

ನೀವು ಕೆಂಪು ದಾಸವಾಳದ ಫೋಟೋ ತೆಗೆದಿರಿ ಎನ್ನಿ. ಹೂವಿನಿಂದ ಬಂದ ಬೆಳಕು ಹೆಚ್ಚಾಗಿ ಕೆಳಗಿನ ಪದರದ ಹರಳುಗಳನ್ನೇ ತಟ್ಟುತ್ತದೆ. ಫಿಲಂ ತೊಳೆಯುವಾಗ ಮೊದಲ ದ್ರಾವಣದಲ್ಲಿ, ಬೆಳಕು ತಟ್ಟಿದ ಈ ಹರಳುಗಳು ಕಪ್ಪು ಬೆಳ್ಳಿಯಾಗುತ್ತವೆ. ಈ ದ್ರಾವಣ ಸುಮಾರು 38 ಡಿಗ್ರಿ ಸೆಲ್ಸಿಯಸ್ ಬಿಸಿಯಿರಬೇಕು. ಏರುಪೇರಾದರೆ ಚಿತ್ರ ಕೆಡುತ್ತದೆ. ಆಮೇಲೆ ಬೆಳಕು ತಟ್ಟದೆ ಉಳಿದ ಹರಳುಗಳ ಸರದಿ. ಅವು ಇದ್ದಲ್ಲೇ ಬಣ್ಣ ಹುಟ್ಟುತ್ತದೆ: ಮೇಲಿನ ಪದರದಲ್ಲಿ ಹಳದಿ, ನಡುವಿನದರಲ್ಲಿ ಗುಲಾಬಿ-ನೇರಳೆ ಛಾಯೆಯ ಮಜೆಂಟಾ. ಕೆಳಗಿನ ಪದರದಲ್ಲಿ ನೀಲಿ-ಹಸಿರು ಬಣ್ಣ ಹುಟ್ಟಬೇಕಿತ್ತು, ಆದರೆ ಹೂವಿದ್ದ ಜಾಗದಲ್ಲಿ ಹುಟ್ಟುವುದಿಲ್ಲ, ಅಲ್ಲಿಯ ಹರಳುಗಳು ಆಗಲೇ ಬೆಳ್ಳಿಯಾಗಿವೆ. ಕೊನೆಗೆ ಬೆಳ್ಳಿಯನ್ನೆಲ್ಲ ತೊಳೆದು ತೆಗೆಯುತ್ತಾರೆ.

ಈಗ ಬಿಳಿ ಬೆಳಕು ಹಾಯಿಸಿ. ಹಳದಿ ಪದರ ನೀಲಿಯನ್ನು ತಡೆಯುತ್ತದೆ, ಮಜೆಂಟಾ ಹಸಿರನ್ನು ತಡೆಯುತ್ತದೆ. ದಾಟಿ ಬರುವುದು ಕೆಂಪು ಮಾತ್ರ! ಫಿಲಂನ ಯಾವ ಪದರದಲ್ಲೂ ಕೆಂಪು ಬಣ್ಣವಿಲ್ಲ, ಆದರೂ ದಾಸವಾಳ ಕೆಂಪಗೆ ಕಾಣುತ್ತದೆ. ಇಡೀ ವಿದ್ಯೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ.

1968ರ ಡಿಸೆಂಬರ್ 24ರಂದು ಅಪೋಲೋ 8ರ ಗಗನಯಾತ್ರಿ ವಿಲಿಯಂ ಆಂಡರ್ಸ್, ಚಂದ್ರನ ಅಂಚಿನಾಚೆ ಉದಯಿಸುವ ನಮ್ಮ ನೀಲಿ ಭೂಮಿಯ ಚಿತ್ರ ತೆಗೆದದ್ದೂ ಎಕ್ಟಾಕ್ರೋಮ್ ಫಿಲಂನಲ್ಲೇ.

ಮನೆಯ ಹಳೇ ಪೆಟ್ಟಿಗೆಯಲ್ಲಿ ಸ್ಲೈಡುಗಳು ಸಿಕ್ಕರೆ ಯಾರಿಗೂ ಎಸೆಯಲು ಬಿಡಬೇಡಿ. ಚೌಕಟ್ಟಿನ ಅಂಚು ಹಿಡಿದು ಕಿಟಕಿಯ ಬೆಳಕಿನಲ್ಲಿ ನೋಡಿ. ಸೂರ್ಯನ ಕಡೆಗೆ ಮಾತ್ರ ಹಿಡಿಯಬೇಡಿ.