ನಕ್ಕವನ ಪಾಲು



ಚೆನ್ನೈಯ ಶ್ರಾವಕ ಕುಟುಂಬಗಳ ಈ ಕೂಟದಲ್ಲಿ ಮಕ್ಕಳ ಶಾಲೆಯ ವಿಷಯವಾಗಿ ಮಾತನಾಡಬೇಕೆಂದು ಸೂಚಿಸಿದ್ದೀರಿ. ಅಂಕಗಳ ಮಾತನ್ನು ಬಲ್ಲವರಿಗೆ ಬಿಡುತ್ತೇನೆ.

ನನ್ನ ಮಗ ಓದಿದ್ದು ಇಲ್ಲಿಯ ಶಿಸ್ತಿನ ಗಂಡುಮಕ್ಕಳ ಶಾಲೆಯೊಂದರಲ್ಲಿ. ಕೂದಲಿನ ಉದ್ದಕ್ಕೂ ಶೂವಿನ ಹೊಳಪಿಗೂ ಅಲ್ಲಿ ನಿಯಮವಿತ್ತು. ಊಟದ ಬಿಡುವಿಗೆ ಇರಲಿಲ್ಲ. ಜೈನನೆಂದು ತಿಳಿದ ದಿನವೇ ಅವನು ‘ಸೇಟು’ ಆದ. ಸೌಕಾರಪೇಟೆಯ ಮಾರವಾಡಿ ವರ್ತಕರನ್ನು ಕರೆಯುವ ಹೆಸರದು. ನಾವೋ ಕಾರ್ಕಳದ ಕಡೆಯವರು. ತಮಿಳನ್ನೇ ಮನೆಮಾತಾಗಿ ಉಳ್ಳ ನಯಿನಾರ್ ಜೈನರು ಇದೇ ನಾಡಿನಲ್ಲಿದ್ದಾರೆಂಬುದೂ ಆ ಹುಡುಗರಿಗೆ ತಿಳಿಯದು. 2016ರ ಸೆಪ್ಟೆಂಬರಿನಲ್ಲಿ ಕಾವೇರಿಯ ಕಾವಿಗೆ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬ್ ಬಿದ್ದಾಗ, ಶಾಲೆಯ ಗೇಟಿನ ಬಳಿ ಅವನು ನನ್ನೊಡನೆ ಕನ್ನಡವಾಡುವುದನ್ನೇ ನಿಲ್ಲಿಸಿದ.

ಮರುವರ್ಷ ಗೇಲಿ ನಿಂತಿತು. ಅಂತೂ ಹೊಂದಿಕೊಂಡನೆಂದು ನಾವು ಹಿಗ್ಗಿದೆವು.

ಹೇಗೆ ಹೊಂದಿಕೊಂಡನೆಂಬುದನ್ನು ಅವನು ಹೇಳಿದ್ದು 2023ರ ಆಗಸ್ಟಿನಲ್ಲಿ. ನಾಂಗುನೇರಿಯಲ್ಲಿ ಶಾಲೆಯ ಹುಡುಗರೇ ದಲಿತ ವಿದ್ಯಾರ್ಥಿಯೊಬ್ಬನ ಮನೆಗೆ ನುಗ್ಗಿ ಅವನನ್ನೂ ಅವನ ತಂಗಿಯನ್ನೂ ಮಚ್ಚಿನಿಂದ ಕಡಿದ ಸುದ್ದಿ ಬಂದಿತ್ತು. ಆ ರಾತ್ರಿ ಮಗ ಊಟ ಮಾಡಲಿಲ್ಲ. ತನ್ನ ತರಗತಿಗೆ ಹೊಸದಾಗಿ ಬಂದಿದ್ದ ದಲಿತ ಹುಡುಗನ ಡಬ್ಬಿಯನ್ನು ಉಳಿದವರು ದಿನವೂ ಕಿತ್ತು ಬಚ್ಚಿಡುತ್ತಿದ್ದರಂತೆ. ಇವನು ಡಬ್ಬಿಯನ್ನು ಮುಟ್ಟಲಿಲ್ಲ, ಬೈಯಲಿಲ್ಲ; ಜೊತೆಗೆ ನಿಂತು ನಕ್ಕ. ಆ ನಗುವಿಗೆ ಗುಂಪಿನಲ್ಲಿ ಜಾಗ ಸಿಕ್ಕಿತು.

ಕೃತ, ಕಾರಿತ, ಅನುಮೋದಿತ ಎಂದು ನಮ್ಮ ಮಕ್ಕಳು ಬಸದಿಯ ಪಾಠಶಾಲೆಯಲ್ಲಿ ಬಾಯಿಪಾಠ ಒಪ್ಪಿಸುತ್ತಾರೆ. ಈರುಳ್ಳಿಯ ವಿಷಯದಲ್ಲಿ ನಾವು ಅದನ್ನು ಎಷ್ಟು ಸೂಕ್ಷ್ಮವಾಗಿ ಅನ್ವಯಿಸುತ್ತೇವೆ! ಪರರ ಸಂಕಟಕ್ಕೆ ನಗುವುದೂ ಅನುಮೋದನೆಯೇ ಎಂದು ನಾನು ಮಗನಿಗೆ ಹೇಳಿಕೊಟ್ಟಿರಲಿಲ್ಲ.

ನಾಂಗುನೇರಿಯ ಬಳಿಕ ಸರಕಾರ ನೇಮಿಸಿದ ನ್ಯಾಯಮೂರ್ತಿ ಕೆ. ಚಂದ್ರು ಸಮಿತಿ 2024ರ ಜೂನಿನಲ್ಲಿ ವರದಿ ಕೊಟ್ಟಿತು. ಬಣ್ಣದ ಕೈದಾರ, ಉಂಗುರ, ಹಣೆಯ ಗುರುತು ಶಾಲೆಯಲ್ಲಿ ಬೇಡವೆಂದಿತು. ಗಂಧವನ್ನೂ ಅಳಿಸಬೇಕೆ ಎಂದು ನಮ್ಮಲ್ಲಿಯೇ ಕೆಲವರು ಸಿಡಿಮಿಡಿಗೊಂಡರು. ಗಂಧ ಬಸದಿಯಲ್ಲಿರಲಿ, ದಾರದ ಬಣ್ಣ ನೋಡಿ ಹೊಡೆಯುವವರಿರುವಾಗ ನಮ್ಮ ಹಣೆಯ ಮಾತು ದೊಡ್ಡದಲ್ಲ. ಆದರೆ ನನ್ನ ಮಗನ ಕೈಯಲ್ಲಿ ಯಾವ ದಾರವೂ ಇರಲಿಲ್ಲವೆಂಬುದನ್ನು ನಾನು ಮರೆಯಲಾರೆ.

ಕ್ಷಮಾವಣಿಯಂದು ಮುನ್ನೂರು ಜನರಿಗೆ ಒಂದೇ ವಾಟ್ಸಾಪ್ ಸಂದೇಶ ಕಳುಹಿಸುವುದು ನನ್ನ ರೂಢಿ. ಕಳೆದ ವರ್ಷ ಮಗ ಒಬ್ಬನಿಗೇ ಬರೆದ, ಕೈಬರಹದಲ್ಲಿ, ತಮಿಳಿನಲ್ಲಿ. ಉತ್ತರ ಇನ್ನೂ ಬಂದಿಲ್ಲ.